ಇನ್ನೊಂದು ಚಿಟಿಕೆ ನೀಲಿ

ಸೋಮವಾರ ಬೆಳಿಗ್ಗೆ ಗೋಡೆಯ ಮೇಲಿನ ಬಣ್ಣ ಒಣಗಿತ್ತು. ಗೇಟಿನ ಬಲಕ್ಕೆ, ಸೊಂಟದೆತ್ತರದಲ್ಲಿ, ಬಣ್ಣ ಒಪ್ಪುತ್ತದೆಯೇ ನೋಡಲೆಂದು ಬಳಿದ ಅಂಗೈ ಅಗಲದ ಒಂದು ಗುರುತು. ಬೆಳಕು ಹರಿದಾಗಿನಿಂದ ಸೆಲಿನಾ ಮೂರು ಸಲ ಬಂದು ಅದನ್ನು ನೋಡಿ ಹೋಗಿದ್ದಳು. ಸರಿಯಾಗಿಯೇ ಇತ್ತು. ಈ ಮನೆಯ ತಿಳಿನೇರಳೆ ಹೇಗಿರಬೇಕೋ ಹಾಗೆಯೇ ಇತ್ತು. ಆದರೂ ಅವಳು ಬಣ್ಣದ ಬಟ್ಟಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಿದ್ದಳು, ಯಾಕೆಂದರೆ ಅತ್ತೆ ಊರುಗೋಲು ಕುಟ್ಟಿಕೊಂಡು ಇತ್ತಲೇ ಬರುತ್ತಿದ್ದರು.

ಅತ್ತೆ ನಾಮಬೇನಾ ಗೋಡೆಯ ಮುಂದೆ ನಿಂತು, ಮೂಗು ತಾಗುವಷ್ಟು ಬಗ್ಗಿ ನೋಡಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ತಲೆಯನ್ನು ಆ ಕಡೆ ಈ ಕಡೆ ವಾಲಿಸಿದರು.

"ಇದೇನು, ಒಲೆ ಬೂದಿ ಕದಡಿ ಬಳಿದಿದ್ದೀಯಾ?"

"ಇಲ್ಲ ಅತ್ತೆ. ನೀವು ಹೇಳಿದ ಅಳತೇಲೇ ಕಲಸಿದ್ದು."

"ನಾನು ಹೇಳಿದ ಅಳತೇಲಿ ಕಲಸಿದ್ರೆ ಬೂದಿ ಯಾಕಾಗುತ್ತೆ? ಇನ್ನೊಂದು ಚಿಟಿಕೆ ನೀಲಿ ಹಾಕು. ಹದಿನೆಂಟು ವರ್ಷ ಆಯ್ತು, ಇನ್ನೂ ಕೈ ಪಳಗಲಿಲ್ಲ ನಿಂಗೆ, ಮಕೋಟಿ."

ಮಕೋಟಿ ಎಂದರೆ ಹೊಸದಾಗಿ ಬಂದ ಸೊಸೆ. ಸೆಲಿನಾಳ ಹಿರಿಮಗಳಿಗೆ ಹದಿನೈದು ತುಂಬಿತ್ತು, ಸೆಲಿನಾಳದೇ ಎರಡು ದವಡೆ ಹಲ್ಲು ಉದುರಿದ್ದವು, ಮಂಡಿ ನೋವು ಶುರುವಾಗಿತ್ತು. ನಾಮಬೇನಾರ ಬಾಯಲ್ಲಿ ಮಾತ್ರ ಅವಳು ನಿನ್ನೆ ಸಂಜೆ ಕಂಬಳಿ ಹೊದ್ದು, ತಲೆ ತಗ್ಗಿಸಿ ಹೊಸಿಲು ದಾಟಿದ ಮಕೋಟಿಯೇ.

ಇದು ಮೂರನೆಯ ಗುರುತು. ಸುಣ್ಣ ಬೆರೆಸಿದ ಬಣ್ಣವನ್ನು ಒದ್ದೆಯಲ್ಲಿ ನೋಡಿ ನಂಬುವಂತಿಲ್ಲ. ಒದ್ದೆಯಲ್ಲಿ ಗಾಢವಾಗಿ ಮೆರೆಯುವುದು ಒಣಗಿದ ಮೇಲೆ ಅರ್ಧಕ್ಕರ್ಧ ತಿಳಿಯಾಗುತ್ತದೆ. ಹಾಗಾಗಿ ಒಂದೊಂದು ಗುರುತಿಗೆ ಒಂದೊಂದು ದಿನ ಹೋಗುತ್ತಿತ್ತು. ಶನಿವಾರ ಆ ಹಿರಿಮಗಳು ದುದು ಹೊರಗೆ ಬರುವ ದಿನ. ದೊಡ್ಡವಳಾದ ಹುಡುಗಿಯನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ, ಮನೆಯ ಹೆಂಗಸರು ಮಣಿ ಪೋಣಿಸುವುದನ್ನೂ ಗೋಡೆ ಬರೆಯುವುದನ್ನೂ ಹೇಳಿಕೊಟ್ಟು, ಕೊನೆಗೊಂದು ದಿನ ಊರೆದುರು ಕರೆತಂದು ನಿಲ್ಲಿಸುತ್ತಾರೆ. ಆ ದಿನ ಬಂದವರು ಮೊದಲು ನಿಲ್ಲುವುದು ಗೇಟಿನಲ್ಲಿ. ಗೋಡೆ ನೋಡುತ್ತಾರೆ, ತಮ್ಮತಮ್ಮಲ್ಲೇ ಏನೋ ಗೊಣಗಿಕೊಳ್ಳುತ್ತಾರೆ, ಆಮೇಲೆ ಒಳಗೆ ಬಂದು ನಮಸ್ಕಾರ. ಹುಡುಗಿಯ ತಾಯಿ ಎಂಥವಳು ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಗೋಡೆಯೇ ಎಲ್ಲವನ್ನೂ ಹೇಳಿಬಿಡುತ್ತದೆ.

ಗೋಡೆ ಬರೆಯಲು ಎರಡು ದಿನ ಬೇಕು. ಗುರುವಾರ ಬರೆಯುವ ಕೋಳಿಗರಿ ಕೈಗೆತ್ತಿಕೊಳ್ಳದಿದ್ದರೆ ಕೆಲಸ ಕೆಟ್ಟಂತೆ. ಸೆಲಿನಾ ತುಟಿ ಕಚ್ಚಿಕೊಂಡು ನೀಲಿಯ ಡಬ್ಬಿ ತೆಗೆದಳು.

ಈ ತಿಳಿನೇರಳೆಯ ಕಥೆ ಸಾಮಾನ್ಯದ್ದಲ್ಲ. ಮಸೊಂಬುಕಾ ಎಂಬ ಈ ಮನೆತನದ ಗೋಡೆಯನ್ನು ಜನ ಗುರುತಿಸುತ್ತಿದ್ದದ್ದೇ ಅದರಿಂದ. ಬಿಳಿ ಬಟ್ಟೆಗೆ ಹಾಕುವ ನೀಲಿ, ಸುಣ್ಣ, ಹಳ್ಳದ ದಡದಲ್ಲಿ ಸಿಗುವ ಕೆಂಪು ಜೇಡಿ, ಇಷ್ಟೇ ಸಾಮಾನು. ಈ ಮೂರೂ ಎಲ್ಲರ ಮನೆಯಲ್ಲೂ ಇದ್ದವು, ಆದರೆ ಆ ಬಣ್ಣ ಬೇರೆ ಯಾರ ಮನೆಯಲ್ಲೂ ಬರುತ್ತಿರಲಿಲ್ಲ. ಅಕ್ಕಪಕ್ಕದ ಹೆಂಗಸರು ಬಟ್ಟಲು ಹಿಡಿದು ಕೇಳಲು ಬರುತ್ತಿದ್ದರು. ನಾಮಬೇನಾ ಕೂರಿಸಿ, ಕುಡಿಯಲು ಕೊಟ್ಟು, ಹೊಟ್ಟೆ ತುಂಬ ಮಾತಾಡಿ, ಅಳತೆಯನ್ನು ಮಾತ್ರ ತಪ್ಪಾಗಿ ಹೇಳಿ ಕಳಿಸುತ್ತಿದ್ದರು. ವಾರ ಕಳೆದು ಅವರ ಗೋಡೆ ನೋಡಲು ಹೋಗಿ, "ಅಯ್ಯೋ ಪಾಪ, ನಿಮ್ಮ ಮಣ್ಣೇ ಸರಿ ಇಲ್ಲ" ಎಂದು ಬರುತ್ತಿದ್ದರು.

ಸೊಸೆಗೆ ಅಳತೆ ಸರಿಯಾಗಿ ಹೇಳಿಕೊಟ್ಟಿದ್ದರು, ಬೈಗುಳದ ಸಮೇತ. "ಇದು ಚಂಚಲ ಬಣ್ಣ. ಪಕ್ಕದಲ್ಲಿ ಯಾರು ಕೂತಿದ್ದಾರೋ ಅವರ ಹಾಗೆ ಆಡುತ್ತೆ. ಹಳದಿ ಪಕ್ಕ ಕೂರಿಸಿದ್ರೆ ಮುಖ ಬಾಡುತ್ತೆ. ಹಸಿರಿನ ಪಕ್ಕ ಕೂರಿಸಿದ್ರೆ ಗುಲಾಬಿ ಅನ್ನಿಸಿಕೊಳ್ಳುತ್ತೆ. ಎರಡು ಕರಿ ಗೆರೆ ನಡುವೆ ಕೂರಿಸು, ಆಗ ನೋಡು ಅದರ ಗತ್ತು." ಗೋಡೆಯ ಚಿತ್ತಾರದಲ್ಲಿ ಬರುವ ಕ್ಷೌರದ ಬ್ಲೇಡಿನ ಆಕಾರದ ಹೊಟ್ಟೆಯೊಳಗೆ ಅದನ್ನು ತುಂಬಬೇಕು, ಮೆಟ್ಟಿಲಿನ ಆಕಾರಕ್ಕೆ ಕೂಡದು. ದೊಡ್ಡ ಜಾಗ ಕೊಟ್ಟರೆ ಮಂಕಾಗುತ್ತದೆ, ತೀರಾ ಚಿಕ್ಕ ಜಾಗ ಕೊಟ್ಟರೆ ಕಾಣುವುದೇ ಇಲ್ಲ. ಹೀಗೆ ಹದಿನೆಂಟು ವರ್ಷ. ಎಳೆದ ಗೆರೆಯಲ್ಲಿ ಒಂದು ಕೂದಲಿನಷ್ಟು ಸೊಟ್ಟ ಕಂಡರೂ ನಾಮಬೇನಾ ಒದ್ದೆ ಬಟ್ಟೆಯಿಂದ ಒರೆಸಿಹಾಕಿ, "ಮತ್ತೆ ಎಳಿ" ಎನ್ನುತ್ತಿದ್ದರು. ಒರೆಸಿಕೊಳ್ಳದ ದಿನ ಸೆಲಿನಾಳ ನೆನಪಿನಲ್ಲಿ ಇರಲಿಲ್ಲ.

ಮಂಗಳವಾರದ ಗುರುತು ಒಣಗಿದಾಗ ಅದು ತಿಳಿಯಾಗಿ ಉಳಿದಿರಲಿಲ್ಲ. ಹಣ್ಣಾದ ನೇರಳೆಯನ್ನು ಗೋಡೆಗೆ ಹೊಸಕಿದಂತಿತ್ತು.

"ಇನ್ನೂ ಬೂದಿ," ಎಂದರು ನಾಮಬೇನಾ.

"ಅತ್ತೆ, ಇದು ಜಾಸ್ತಿ ಆಯ್ತೇನೋ..."

"ನಿನ್ನ ಕಣ್ಣಿಗೇನು ಬಂತು? ಹಾಕು ನೀಲಿ."

ನೀರಿನ ಕೊಡ ಹೊತ್ತು ಅದೇ ದಾರಿಯಲ್ಲಿ ಬಂದ ಪಕ್ಕದ ಮನೆಯ ಲೀಯಾ ನಿಂತಳು. ಆ ಹೆಂಗಸಿಗೆ ನಿಲ್ಲಲು ನೆಪವೇ ಬೇಕಿಲ್ಲ.

"ಏನ್ ಸೆಲಿನಾ, ಸಾರಾಯಿ ಅಂಗಡಿ ಇಡ್ತಿದ್ದೀರಾ? ಹಾಗಿದ್ರೆ ಚೆನ್ನಾಗಿದೆ ಬಣ್ಣ, ಗಂಡಸರಿಗೆ ದೂರದಿಂದ್ಲೇ ಕಾಣುತ್ತೆ."

"ನಿನ್ನ ಗಂಡನಿಗೆ ಕಾಣ್ಸೋಕೆ ಬಣ್ಣ ಯಾಕೆ ಬೇಕು? ವಾಸನೆ ಸಾಕಲ್ಲ," ಎಂದರು ನಾಮಬೇನಾ ತಿರುಗಿಯೂ ನೋಡದೆ.

ಲೀಯಾ ನಕ್ಕು ಹೋದಳು. ಆದರೆ ಹೋಗುವಾಗ ಅವಳ ಕಣ್ಣು ಆ ಗುರುತಿನ ಮೇಲೆಯೇ ಇತ್ತು. ಸಂಜೆಯೊಳಗೆ ಹಳ್ಳಕ್ಕೆ ನೀರಿಗೆ ಬಂದ ಎಲ್ಲರ ಕಿವಿಗೂ ಸುದ್ದಿ ಮುಟ್ಟುತ್ತದೆ ಎಂದು ಸೆಲಿನಾಗೆ ಗೊತ್ತಿತ್ತು. ಅವಳು ಒಳಗೆ ಹೋದಳು, ಹೊರಗೆ ಬಂದಳು, ಉರಿಯುತ್ತಿದ್ದ ಒಲೆಗೆ ಮತ್ತೆ ಸೌದೆ ತುರುಕಿದಳು, ಗುಡಿಸಿದ್ದ ಅಂಗಳವನ್ನು ಮತ್ತೆ ಗುಡಿಸಿದಳು. ಕುಳಿತರೆ ಕೂರಲಾಗದು, ನಿಂತರೆ ನಿಲ್ಲಲಾಗದು.

ಮಧ್ಯಾಹ್ನ ಮಗಳಿಗೆ ಗಂಜಿ, ಸೊಪ್ಪು ತೆಗೆದುಕೊಂಡು ಹಿಂದಿನ ಕೋಣೆಗೆ ಹೋದಳು. ದುದು ಚಾಪೆಯ ಮೇಲೆ ಕುಳಿತು, ಶನಿವಾರ ಉಡಬೇಕಾದ ಮಣಿಯ ಮುಂಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡಿದ್ದಳು. ಅವಳು ಪೋಣಿಸುತ್ತಿರಲಿಲ್ಲ. ಅಜ್ಜಿ ಬೆಳಿಗ್ಗೆ ಪೋಣಿಸಿಕೊಟ್ಟು ಹೋದ ಸಾಲನ್ನು ಸೂಜಿಯ ತುದಿಯಿಂದ ಬಿಚ್ಚುತ್ತಿದ್ದಳು.

"ಅಜ್ಜಿ ಹಾಕಿದ್ದನ್ನ ಯಾಕೆ ಬಿಚ್ತಿದ್ದೀಯ? ನೋಡಿದ್ರೆ ನಿನ್ನ ಚರ್ಮ ಸುಲೀತಾರೆ."

ದುದು ಸಾಲನ್ನು ಮುಂದೆ ಹಿಡಿದಳು. ತಿಳಿನೇರಳೆ ಮಣಿ, ತಿಳಿನೇರಳೆ ಮಣಿ, ಬೂದು ಮಣಿ, ಮತ್ತೆ ತಿಳಿನೇರಳೆ, ಆಮೇಲೆ ಮೂರು ಬೂದು. ಅಕ್ಕಿಯಲ್ಲಿ ಕಲ್ಲು ಸೇರಿದ ಹಾಗೆ.

"ಬುಟ್ಟೀಲಿ ಎರಡೂ ಕಲಸಿಹೋಗಿವೆ ಅಮ್ಮ. ಅಜ್ಜಿಗೆ ಗೊತ್ತಾಗ್ತಿಲ್ಲ. ಮೊದಮೊದಲು ಮರೆವು ಅಂದ್ಕೊಂಡೆ. ಕೆಂಪು ಸರಿಯಾಗಿ ಹಾಕ್ತಾರೆ, ಹಳದಿ ಸರಿಯಾಗಿ ಹಾಕ್ತಾರೆ. ಇದೊಂದು ಮಾತ್ರ ಬೂದು ಮಣಿ ಜೊತೆ ಸೇರಿಸ್ತಾರೆ."

"ಎಷ್ಟು ದಿನದಿಂದ?"

"ನಾನು ಒಳಗೆ ಕೂತಾಗಿನಿಂದ. ಅವರು ಎದ್ದು ಹೋದ ಮೇಲೆ ಬಿಚ್ಚಿ ಮತ್ತೆ ಪೋಣಿಸ್ತೀನಿ." ದುದು ದನಿ ತಗ್ಗಿಸಿದಳು. "ಮಾರನೇ ದಿನ ಅದನ್ನೇ ಸವರಿ ನೋಡಿ, 'ನೋಡು, ನನ್ನ ಕೈ ಇನ್ನೂ ಓಡುತ್ತೆ' ಅಂತಾರೆ. ಹೂಂ ಅಜ್ಜಿ ಅಂತೀನಿ."

ಸೆಲಿನಾ ಗಂಜಿಯ ತಟ್ಟೆಯನ್ನು ಕೆಳಗಿಡಲು ಮರೆತು ನಿಂತಿದ್ದಳು. ಅತ್ತೆಯ ಕಣ್ಣಿನಲ್ಲಿ ಪೊರೆ ಬಂದಿರುವುದು ಅವಳಿಗೆ ಹೊಸ ಸುದ್ದಿಯಲ್ಲ, ಬಿಸಿಲಿನಲ್ಲಿ ಹಾಲಿನ ಕೆನೆಯಂತೆ ಕಾಣುತ್ತಿತ್ತು. ವಯಸ್ಸಾದವರಿಗೆಲ್ಲ ಬರುವುದೇ, ಹೊಸಿಲು ಎಡವದಿದ್ದರೆ ಸಾಕು ಎಂದುಕೊಂಡಿದ್ದಳು. ಪೊರೆ ಬಣ್ಣವನ್ನೂ ನುಂಗುತ್ತದೆ, ಅದೂ ಈ ಒಂದು ಬಣ್ಣವನ್ನೇ ಹುಡುಕಿ ನುಂಗುತ್ತದೆ ಎಂದು ಅವಳಿಗೆ ಹೊಳೆದಿರಲಿಲ್ಲ.

ಸುಳ್ಳು ಯಾಕೆ ಹೇಳಬೇಕು, ಮೊದಲಿಗೆ ಅವಳ ಹೊಟ್ಟೆಯೊಳಗೆ ಒಂದು ಚಿಕ್ಕ ಖುಷಿ ಎದ್ದಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಆ ಖುಷಿ. ಹದಿನೆಂಟು ವರ್ಷ ಒರೆಸಿದ ಕೈಗೆ ಈಗ ಗೆರೆಯೇ ಕಾಣದು. ಮರುಗಳಿಗೆಗೆ ತನ್ನ ಬಗ್ಗೆಯೇ ಅವಳಿಗೆ ಹೇಸಿಗೆಯಾಯಿತು. ಮಗಳ ಮುಂದೆ ತಟ್ಟೆ ಇಟ್ಟು, "ತಿನ್ನು. ಯಾರಿಗೂ ಹೇಳ್ಬೇಡ," ಎಂದು ಹೊರಬಂದಳು.

ಈಗ ಮಾಡುವುದೇನು? ಅತ್ತೆ ಹೇಳಿದಂತೆ ನೀಲಿ ಸುರಿದರೆ ಶನಿವಾರ ಊರೆಲ್ಲ ಗೇಟಿನಲ್ಲಿ ನಿಂತು ಬಾಯಿಗೆ ಕಂಬಳಿಯ ಅಂಚು ಮುಚ್ಚಿಕೊಂಡು ನಗುತ್ತದೆ. ಆ ನಗೆ ದುದುವಿನ ತಲೆಯ ಮೇಲೂ ಬೀಳುತ್ತದೆ, ಮದುವೆಯ ಮಾತು ಬಂದಾಗಲೆಲ್ಲ "ಓ, ಆ ಶಾಯಿ ಗೋಡೆಯ ಮನೆಯವಳಾ" ಎನ್ನುತ್ತಾರೆ. ಹಾಕದಿದ್ದರೆ ಅತ್ತೆಗೆ ಕಾರಣ ಹೇಳಬೇಕು. ಸೊಸೆಯಾದವಳು ಅತ್ತೆಯ ಮಾತಿಗೆ ಎದುರಾಡುವ ಪದ್ಧತಿ ಇಲ್ಲ, ಅದು ಒಂದು. ಅದಕ್ಕಿಂತ ದೊಡ್ಡದು ಬೇರೆಯೇ ಇತ್ತು. ನಾಮಬೇನಾರಿಗೆ ಗಂಡ ಹೋಗಿದ್ದ, ಇಬ್ಬರು ಮಕ್ಕಳು ಹೋಗಿದ್ದರು, ದನಗಳು ಹೋಗಿದ್ದವು. ತಮ್ಮದು ಎನ್ನಲು ಉಳಿದದ್ದು ಗೋಡೆ ಒಂದೇ. ನಿಮಗೆ ನಿಮ್ಮ ಬಣ್ಣವೇ ಕಾಣುತ್ತಿಲ್ಲ ಎಂದು ಯಾವ ಬಾಯಿಂದ ಹೇಳುವುದು? ಇತ್ತ ದರಿ, ಅತ್ತ ಪುಲಿ.

ಬುಧವಾರ ಇಡೀ ದಿನ ಅವಳು ಆ ಮಾತನ್ನು ನಾಲಿಗೆಯ ತುದಿಗೆ ತಂದು ತಂದು ನುಂಗಿದಳು. ಶನಿವಾರಕ್ಕೆಂದು ಮನೆಯಲ್ಲೇ ಹಾಕಿದ್ದ ಬಿಯರ್ ಹುಳಿ ಬಂದಿದೆಯೇ ನೋಡಲು ಹೋಗಿ ಮುಚ್ಚಳವನ್ನೇ ಒಳಗೆ ಬೀಳಿಸಿದಳು. ಅಂಗಳದಲ್ಲಿ ಬಿಸಿಲಿಗೆ ಮೈಯೊಡ್ಡಿ ಕುಳಿತಿದ್ದ ಅತ್ತೆಯ ಮುಂದೆ ಏಳು ಸಲವಾದರೂ ಹಾದುಹೋದಳು.

"ಏನೇ ಅದು, ಬಾಲಕ್ಕೆ ಬೆಂಕಿ ಬಿದ್ದ ಬೆಕ್ಕಿನ ಹಾಗೆ ಸುತ್ತುತಿದ್ದೀಯ? ಹೇಳೋದೇನಾದ್ರೂ ಇದ್ರೆ ಹೇಳು."

"ಏನಿಲ್ಲ ಅತ್ತೆ."

"ಏನಿಲ್ಲ ಅಂದ್ರೆ ಹೋಗಿ ಸುಣ್ಣ ಸೋಸು. ನಾಳೆ ಗರಿ ಹಿಡೀಬೇಕು."

ಗುರುವಾರ ಬೆಳಿಗ್ಗೆ ಸೆಲಿನಾ ಎರಡು ಬಟ್ಟಲು ತೆಗೆದಳು. ತೀರ್ಮಾನ ಯಾವಾಗ ಮಾಡಿದಳೋ ಅವಳಿಗೇ ಗೊತ್ತಿರಲಿಲ್ಲ, ಕೈ ಮಾಡಿತ್ತು. ಗೇಟಿನ ಗೋಡೆಗೆ ಎರಡು ಮುಖ. ಹೊರಗಿನದು ದಾರಿಗೆ, ಊರಿಗೆ. ಒಳಗಿನದು ಅಂಗಳಕ್ಕೆ, ಅತ್ತೆ ದಿನವೂ ಕುಳಿತುಕೊಳ್ಳುವ ಜಾಗಕ್ಕೆ ನೇರ ಎದುರು. ಒಂದು ಬಟ್ಟಲಿನಲ್ಲಿ ಹಳೆಯ ಅಳತೆಯ ತಿಳಿನೇರಳೆ ಕಲಸಿದಳು. ಇನ್ನೊಂದರಲ್ಲಿ ಡಬ್ಬಿಯಲ್ಲಿದ್ದ ನೀಲಿಯನ್ನೆಲ್ಲ ಸುರಿದಳು.

ಒಳಗಿನ ಮುಖವನ್ನು ಮೊದಲು ಬರೆದಳು. ಕೋಳಿಗರಿಯಿಂದ ಕರಿ ಗೆರೆ ಎಳೆದು, ಬ್ಲೇಡುಗಳ ಹೊಟ್ಟೆಗೆ ಆ ಕಡುಬಣ್ಣವನ್ನು ತುಂಬಿದಳು. ತಾನೇ ತನ್ನ ಕೈಯಾರೆ ಗೋಡೆ ಕೆಡಿಸುತ್ತಿದ್ದೇನೆ ಎನ್ನಿಸುತ್ತಿತ್ತು. ಅತ್ತೆ ಹಿಂದೆ ಕುಳಿತು ಅಪ್ಪಣೆ ಕೊಡುತ್ತಿದ್ದರು, ಆದರೆ ಒಂದು ಸಲವೂ ಎದ್ದು ಬಂದು ಒರೆಸಲಿಲ್ಲ. ಮಧ್ಯಾಹ್ನ ಆ ಕಡೆಗೆ ಹೋಗಿ ಹೊರಮುಖಕ್ಕೆ ಕೈ ಹಚ್ಚಿದಳು. ಅತ್ತೆ ಎದ್ದು ಬಂದರೆ ಏನು ಹೇಳುವುದೆಂದು ಅವಳ ಬಳಿ ಮೂರು ನೆಪಗಳು ಸಿದ್ಧವಿದ್ದವು. ಒಂದು, ಒದ್ದೆ ಇದೆ. ಎರಡು, ದಾರಿಯಲ್ಲಿ ಬಿಯರಿನ ಮಡಕೆಗಳಿವೆ, ಎಡವುತ್ತೀರಿ. ಮೂರನೆಯದನ್ನು ನೆನಪಿಸಿಕೊಳ್ಳುವ ಹೊತ್ತಿಗೆ ಮರೆತೇ ಹೋಗಿತ್ತು. ಊರುಗೋಲಿನ ಸದ್ದಿಗೆ ಕಿವಿಗೊಟ್ಟುಕೊಂಡೇ ಅವಳು ಎರಡು ದಿನ ಬರೆದಳು. ಅತ್ತೆ ಬರಲೇ ಇಲ್ಲ.

ಶುಕ್ರವಾರ ಸಂಜೆ ತಾನು ಕೆಲಸಕ್ಕಿರುವ ಪ್ರಿಟೋರಿಯಾದ ಬಸ್ಸಿನಿಂದ ಇಳಿದ ಗಂಡ ಹೆಂಡ್ರಿಕ್ ಗೇಟು ದಾಟಿ, ಹಿಂದೆ ಹೋಗಿ ಹೊರಗಿನದನ್ನು ನೋಡಿ, ಮತ್ತೆ ಒಳಗಿನದನ್ನು ನೋಡಿದ.

"ಬಣ್ಣ ಸಾಲಲಿಲ್ವಾ?"

"ಮೆಲ್ಲಗೆ ಮಾತಾಡಿ."

"ಮೆಲ್ಲಗೇ ಕೇಳ್ತಿದ್ದೀನಿ. ಇದು ಹೀಗೆ, ಅದು ಹಾಗೆ ಯಾಕೆ?"

"ನಿಮ್ಮಮ್ಮನಿಗೆ ಬೇಕಿದ್ದು ಇದು. ಊರಿಗೆ ಬೇಕಿದ್ದು ಅದು."

ಅವನು ತಾಯಿ ಕುಳಿತಿದ್ದ ಕಡೆ ನೋಡಿದ. ನಾಮಬೇನಾ ಕಂಬಳಿ ಹೊದ್ದು, ಸಂಜೆಯ ಬಿಸಿಲು ಬಿದ್ದ ಒಳಗೋಡೆಯ ಕಡೆ ಮುಖ ಮಾಡಿದ್ದರು. ಬಣ್ಣ ಒಣಗಿತ್ತು. ಅವರ ಬಾಯಿ ಸ್ವಲ್ಪ ತೆರೆದಿತ್ತು. ಸೆಲಿನಾ ಹತ್ತಿರ ಹೋಗಿ, ಬೈಗುಳಕ್ಕೆ ಕಾದು ನಿಂತಳು.

"ಹಾಂ," ಎಂದರು ನಾಮಬೇನಾ. "ಇದು."

ಅಷ್ಟೇ. ಹದಿನೆಂಟು ವರ್ಷಗಳಲ್ಲಿ ಅಷ್ಟು ದೊಡ್ಡ ಹೊಗಳಿಕೆ ಸೆಲಿನಾಗೆ ಸಿಕ್ಕಿರಲಿಲ್ಲ, ಅದೂ ಸಿಕ್ಕಿದ್ದು ಅವಳು ಬರೆದ ಅತ್ಯಂತ ಕೆಟ್ಟ ಗೋಡೆಗೆ. ನಗಬೇಕೋ ಅಳಬೇಕೋ ತಿಳಿಯದೆ ಅವಳು ಒಳಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದಳು.

ಶನಿವಾರ ಜನ ಬಂದರು. ದಾರಿಯಲ್ಲಿ ನಿಂತು ಗೋಡೆ ನೋಡಿದರು. ಲೀಯಾ ಬಂದು ನೋಡಿ, ಹೇಳಲು ಸಿದ್ಧಮಾಡಿಕೊಂಡು ಬಂದಿದ್ದ ಕೊಂಕನ್ನು ಹಾಗೆಯೇ ನುಂಗಿಕೊಂಡಳು, ಅದು ಅವಳ ಗಂಟಲಿನಲ್ಲಿ ಇಳಿದದ್ದೂ ಕಂಡಿತು. ಹೊರಗೋಡೆಯ ತಿಳಿನೇರಳೆ ಕರಿ ಗೆರೆಗಳ ನಡುವೆ ಮೆಲ್ಲಗೆ ಉಸಿರಾಡುತ್ತಿತ್ತು. ಸೆಲಿನಾಗೆ ಅದರ ಸುಖ ಹತ್ತಲಿಲ್ಲ. ಗೇಟು ದಾಟಿದವರು ತಿರುಗಿ ಒಳಮುಖ ನೋಡುತ್ತಾರಲ್ಲ ಎಂಬುದೇ ಅವಳ ಜೀವ ಹಿಂಡುತ್ತಿತ್ತು. ಹೆಚ್ಚಿನವರು ನೋಡಿದರು, ಹುಬ್ಬೇರಿಸಿದರು, ಮರ್ಯಾದೆಗೆ ಸುಮ್ಮನಾದರು. ಮರ್ಯಾದೆಗೂ ತನಗೂ ಸಂಬಂಧವಿಲ್ಲದ ಒಬ್ಬರು ಮಾತ್ರ ಬರುವುದು ಬಾಕಿ ಇತ್ತು.

ಅವರೇ ಫ್ರಾನ್ಸಿನಾ, ನಾಮಬೇನಾರ ನಾದಿನಿ. ತೀರಿಹೋದ ಗಂಡನ ತಂಗಿ. ಐವತ್ತು ವರ್ಷಗಳಿಂದ ಇಬ್ಬರ ನಡುವೆ ಗೋಡೆಯ ಪೈಪೋಟಿ, ಐವತ್ತು ವರ್ಷಗಳಿಂದ ಫ್ರಾನ್ಸಿನಾರದೇ ಸೋಲು. ಅವರು ಹೊರಗೆ ನಿಂತು ನೋಡಿ ಮುಖ ಗಂಟಿಕ್ಕಿದರು, ಒಳಗೆ ಬಂದು ತಿರುಗಿ ನೋಡಿದರು, ಮುಖ ಅರಳಿತು.

"ಅಯ್ಯೋ, ಇಲ್ಯಾರು ಶಾಯಿ ಚೆಲ್ಲಿದ್ದು?"

ಅಂಗಳದಲ್ಲಿದ್ದ ಮೂವತ್ತು ಜನರ ಮಾತು ನಿಂತಿತು. ಬಿಯರಿನ ಸೋರೆಬುರುಡೆ ಯಾರದೋ ಕೈಯಲ್ಲಿ ಅರ್ಧಕ್ಕೇ ಉಳಿಯಿತು. ಸೆಲಿನಾಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ತಾನು ಬಳಿದದ್ದು, ತನ್ನ ತಪ್ಪು, ಬಣ್ಣ ಸಾಲಲಿಲ್ಲ, ಏನಾದರೂ ಒಂದು ಹೇಳಲು ಬಾಯಿ ತೆರೆದಳು.

"ನಾನೇ ಹೇಳಿ ಬಳಿಸಿದ್ದು," ಎಂದರು ನಾಮಬೇನಾ ಕುಳಿತಲ್ಲಿಂದಲೇ.

"ನೀನಾ? ನಿನ್ನ ಕಣ್ಣು ಸರಿ ಇದೆಯಾ ಅತ್ತಿಗೆ?"

"ನಿನ್ನ ಸೊಂಟ ಕಾಣೋವಷ್ಟು ಸರಿ ಇದೆ ಫ್ರಾನ್ಸಿನಾ. ಅದು ಕಾಣೋಕೆ ಕಣ್ಣು ಅಷ್ಟೇನೂ ಬೇಕಾಗಲ್ಲ. ಹೊರಗಿನ ಮುಖ ಊರಿಗೆ. ಒಳಗಿನದು ನನ್ನದು, ನನ್ನಿಷ್ಟ. ಮುದುಕಿ ಆದ ಮೇಲಾದ್ರೂ ಗಟ್ಟಿ ಬಣ್ಣ ನೋಡ್ಬಾರ್ದಾ? ಕೂತ್ಕೋ, ಕುಡಿ."

ಮೊದಲು ನಕ್ಕದ್ದು ಲೀಯಾ, ಆಮೇಲೆ ಎಲ್ಲರೂ. ಆ ನಗುವಿನ ನಡುವೆಯೇ ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಕೊರಳು, ತೋಳು, ಕಾಲುಗಳಿಗೆ ಮಣಿಯ ಬಳೆ ತೊಟ್ಟು, ತಿಳಿನೇರಳೆ ಸಾಲಿನ ಮುಂಬಟ್ಟೆ ಉಟ್ಟು ದುದು ಹೊರಗೆ ಬಂದಳು. ಹೆಂಗಸರು ನಾಲಿಗೆ ಆಡಿಸಿ ಸಂಭ್ರಮದ ಕೂಗು ಹಾಕಿದರು. ಗೋಡೆಯ ಮಾತು ಅಲ್ಲಿಗೆ ಮುಳುಗಿತು.

ಸೆಲಿನಾಳ ಮನಸ್ಸಿನಲ್ಲಿ ಮಾತ್ರ ಮುಳುಗಲಿಲ್ಲ. ಅತ್ತೆಯ ಆ ಮಾತು ಅವಳನ್ನು ಮುಳ್ಳಿನಂತೆ ಕಾಡುತ್ತಿತ್ತು. ಹೊರಗಿನ ಮುಖ ಬೇರೆ ಎಂದು ಅವರಿಗೆ ಹೇಳಿದವರು ಯಾರು? ತಾನು ಹೇಳಿರಲಿಲ್ಲ. ದುದು ಆಗಲಿ ಹೆಂಡ್ರಿಕ್ ಆಗಲಿ ಹೇಳುವವರಲ್ಲ. ಮಾಂಸ ಬಡಿಸುವಾಗ, ಗಂಜಿ ತಿರುವುವಾಗ, ಬಂದವರಿಗೆಲ್ಲ ಹೂಂ ಹೂಂ ಎನ್ನುವಾಗ, ಅವಳ ಕಣ್ಣು ಮತ್ತೆ ಮತ್ತೆ ಅತ್ತೆಯ ಕಡೆ ಹೋಗುತ್ತಿತ್ತು. ಕೊನೆಗೆ ಜನ ಕುಣಿತ ನೋಡಲು ಹೊರಗೆ ಹೋದಾಗ ನಾಮಬೇನಾ ಊರುಗೋಲಿನಿಂದ ತಮ್ಮ ಪಕ್ಕದ ನೆಲವನ್ನು ಕುಟ್ಟಿದರು.

"ಬಾ. ಕೂತ್ಕೋ. ಬೆಳಗಿನಿಂದ ಒಂದು ಕಡೆ ನಿಂತಿಲ್ಲ ನೀನು."

ಸೆಲಿನಾ ಕುಳಿತಳು.

"ಎಂದಿನಿಂದ ಗೊತ್ತು ನಿಂಗೆ, ನನ್ನ ಕಣ್ಣಿನ ವಿಷಯ?"

ಸುಳ್ಳು ಹೇಳಲು ಶಕ್ತಿ ಉಳಿದಿರಲಿಲ್ಲ. "ಮಂಗಳವಾರದಿಂದ."

"ನಂಗೆ ಎರಡು ವರ್ಷದಿಂದ." ನಾಮಬೇನಾ ಮೂಗು ಸೀಟಿಕೊಂಡರು. "ಇಗರ್ಜಿ ಹತ್ರದ ಜಕರಂದಾ ಮರ ತುಂಬ ನೇರಳೆ ಹೂ ಬಿಟ್ಟಿದೆ, ನೋಡೋಕೆ ಎರಡು ಕಣ್ಣು ಸಾಲದು ಅಂತ ಎಲ್ಲರೂ ಅಂದ್ರು. ನಂಗೆ ಮರಕ್ಕೆ ಧೂಳು ಹಿಡಿದ ಹಾಗೆ ಕಾಣ್ತು. ಹೌದು, ಎಷ್ಟು ಚೆನ್ನಾಗಿದೆ ಅಂತ ನಾನೂ ಅಂದೆ."

"ಪಟ್ಟಣದ ಆಸ್ಪತ್ರೇಲಿ ಪೊರೆ ತೆಗೀತಾರಂತೆ ಅತ್ತೆ. ಹೆಂಡ್ರಿಕ್ ಕರ್ಕೊಂಡು ಹೋಗ್ತಾರೆ."

"ನೋಡೋಣ. ಮಳೆಗಾಲ ಕಳೀಲಿ. ಕಣ್ಣಿಗೆ ಕತ್ತಿ ಅಂದ್ರೆ ನಂಗೆ ಭಯ ಆಗುತ್ತೆ." ಅತ್ತೆಯ ಬಾಯಿಂದ ಭಯ ಎಂಬ ಮಾತು ಬಂದದ್ದನ್ನು ಸೆಲಿನಾ ಅದೇ ಮೊದಲು ಕೇಳಿದ್ದು.

"ಗೊತ್ತಿದ್ದೂ ನೀಲಿ ಹಾಕು, ಹಾಕು ಅಂತ ಯಾಕೆ ಪ್ರಾಣ ತಿಂದ್ರಿ ನನ್ನದು?" ಕೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಅತ್ತೆಯನ್ನು ಹಾಗೆ ಕೇಳಿದವಳಲ್ಲ ಅವಳು.

ನಾಮಬೇನಾ ಬೈಯಲಿಲ್ಲ. "ಇನ್ನೊಂದು ಸಲ ನೋಡ್ಬೇಕು ಅನ್ನಿಸ್ತು. ನನ್ನ ಬಣ್ಣ, ನಾನು ಸಾಯೋಕೆ ಮುಂಚೆ ಇನ್ನೊಂದು ಸಲ. ಬಾಯಿ ಹಾಕು ಹಾಕು ಅಂತಿತ್ತು. ಒಳಗಡೆ, ದೇವರೇ, ಈ ಪೆದ್ದಿ ನನ್ನ ಮಾತು ಕೇಳಿ ಗೇಟು ಕೆಡಿಸಿಬಿಡ್ತಾಳಲ್ಲ, ಮೊಮ್ಮಗಳ ದಿನ ಹಾಳಾಗುತ್ತಲ್ಲ ಅಂತ ತಳಮಳ. ಬುಧವಾರ ನೀನು ಸುತ್ತಿದ್ದೇ ಸುತ್ತಿದ್ದು. ನಾನು ಕೂತಲ್ಲೇ ಸುತ್ತುತಿದ್ದೆ. ಗುರುವಾರ ಎರಡು ಬಟ್ಟಲು ಇಟ್ಟ ಸದ್ದು ಕೇಳಿಸ್ತು. ಆಮೇಲೆ ನಿದ್ದೆ ಬಂತು ನಂಗೆ."

ಹೊರಗೆ ಕುಣಿತದ ಕಾಲು ನೆಲಕ್ಕೆ ಬಡಿಯುತ್ತಿತ್ತು.

"ಹೊರಗಿನದು ಹೇಗಿದೆ, ಹೇಳು," ಎಂದರು ನಾಮಬೇನಾ.

"ಚೆನ್ನಾಗಿದೆ."

"ಚೆನ್ನಾಗಿದೆ ಅಂತ ಲೀಯಾನೂ ಹೇಳ್ತಾಳೆ. ನೀನು ಕಲಸಿದವಳು. ನಂಗೆ ಕಾಣೋ ಹಾಗೆ ಹೇಳು."

ಹದಿನೆಂಟು ವರ್ಷಗಳಲ್ಲಿ ಬಣ್ಣದ ಬಗ್ಗೆ ಸೆಲಿನಾಳ ಅಭಿಪ್ರಾಯವನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವಳು ತಡವರಿಸಿದಳು. ಬೆಳಿಗ್ಗೆ ನೆರಳಿನಲ್ಲಿ ನೀಲಿಯ ಕಡೆ ವಾಲುತ್ತದೆ ಎಂದಳು. ಬಿಸಿಲು ಏರಿದ ಹಾಗೆ ಕೆಂಪು ಮಣ್ಣು ಒಳಗಿನಿಂದ ಮೆಲ್ಲಗೆ ಮೇಲೆ ಬರುತ್ತದೆ. ಕರಿ ಗೆರೆಯ ಪಕ್ಕದಲ್ಲಿ ಗತ್ತಿನಿಂದ ಕೂತಿದೆ, ನೀವು ಹೇಳುತ್ತಿದ್ದ ಹಾಗೆಯೇ. ದೂರದಿಂದ ನೋಡಿದರೆ ತಂಪು, ಹತ್ತಿರ ಹೋದರೆ ಬೆಚ್ಚಗೆ. ಹೇಳುತ್ತ ಹೇಳುತ್ತ ಅವಳಿಗೆ ಮಾತು ಸಿಕ್ಕಿತು, ಕೈಯೂ ಗಾಳಿಯಲ್ಲಿ ಆಡಿತು. ನಾಮಬೇನಾ ಕಣ್ಣು ಮುಚ್ಚಿ ಕೇಳುತ್ತಿದ್ದರು.

"ನಡುಮಧ್ಯಾಹ್ನ?"

"ಮಧ್ಯಾಹ್ನ ಬಿಸಿಲು ನೇರ ಬಿದ್ದಾಗ ಪಕ್ಕದ ಬಿಳಿ ಜೊತೆ ಸೇರಿಹೋಗುತ್ತೆ ಅತ್ತೆ. ಕರಿ ಗೆರೆ ಇಲ್ದಿದ್ರೆ ಯಾವುದು ಬಿಳಿ, ಯಾವುದು ನೇರಳೆ ಅಂತ ಗೊತ್ತಾಗಲ್ಲ. ಒಂದರ್ಧ ಗಂಟೆ ಅಷ್ಟೇ."

ನಾಮಬೇನಾ ಕಣ್ಣು ತೆರೆದರು. "ಸೇರಬಾರ್ದು. ಒಂದು ಹಿಡಿ ಸುಣ್ಣ ಹೆಚ್ಚು ಹಾಕಿದ್ದೀಯ."

"ಇಲ್ಲ ಅತ್ತೆ, ಅಳತೇಲೇ..."

"ಹಾಕಿದ್ದೀಯ. ಹೋಗಿ ನೋಡು."

ಸೆಲಿನಾ ಎದ್ದು ಗೇಟು ದಾಟಿ ಹೋದಳು. ಕುಣಿಯುವವರ ಬೆನ್ನ ಹಿಂದೆ, ಗೋಡೆಯ ಮುಂದೆ ನಿಂತು, ಜೀವಮಾನದಲ್ಲಿ ಮೊದಲ ಸಲ ನೋಡುತ್ತಿರುವವಳಂತೆ ನೋಡಿದಳು. ಗುರುವಾರ ಊರುಗೋಲಿನ ಸದ್ದಿಗೆ ಕಿವಿಗೊಟ್ಟು ಕಲಸುವಾಗ ಎಣಿಕೆ ತಪ್ಪಿತ್ತು. ಒಂದು ಹಿಡಿ ಸುಣ್ಣ ನಿಜವಾಗಿಯೂ ಹೆಚ್ಚಾಗಿತ್ತು. ಅಷ್ಟು ಜನ ನೋಡಿ ಹೋಗಿದ್ದರು, ಫ್ರಾನ್ಸಿನಾ ಕೂಡ ನೋಡಿದ್ದರು, ಅವಳೇ ನೂರು ಸಲ ನೋಡಿದ್ದಳು, ಯಾರಿಗೂ ಕಂಡಿರಲಿಲ್ಲ. ಸೆಲಿನಾ ಗೋಡೆಯ ಕಡೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತಳು. ದಾಟಿ ಹೋದವರು ಮಗಳು ದೊಡ್ಡವಳಾದಳಲ್ಲ, ತಾಯಿಗೆ ಸಂಕಟ ಆಗುವುದು ಸಹಜ ಎಂದುಕೊಂಡರು.

ಕಣ್ಣೊರೆಸಿಕೊಂಡು ಒಳಗೆ ಬಂದಾಗ ನಾಮಬೇನಾ ಅದೇ ಜಾಗದಲ್ಲಿ ಕುಳಿತಿದ್ದರು.

"ಹೌದು ಅತ್ತೆ. ಒಂದು ಹಿಡಿ."

"ಸೋಮವಾರ ಒರೆಸಿ ಮತ್ತೆ ಬಳಿ," ಎಂದರು ನಾಮಬೇನಾ. "ಒಳಗಿನದನ್ನ ಮುಟ್ಟಬೇಡ. ಅದು ನಂಗೆ ಬೇಕು."